ಕಟ್ಟಿ ಮಾಸ್ತರರು ಲಂಬಾಣಿ ಕಲಿತದ್ದು

ಕರಡಿಹಾಳದ ಮಠಕ್ಕೆ ಪೂಜ್ಯ ಸೋಮಲಿಂಗ ಅಜ್ಜನವರ ದರ್ಶನಕ್ಕೆಂದು ಬಂದವರು ಮೊದಲು ಗದ್ದುಗೆಯ ಕಡೆ ನೋಡಿ, ಅಲ್ಲಿ ಯಾರೂ ಇಲ್ಲದ್ದನ್ನು ಕಂಡು, ಆಮೇಲೆ ಅಡುಗೆಮನೆಯ ಹಿಂದಿನ ಕಟ್ಟೆಗೆ ಬರುತ್ತಿದ್ದರು. ಶ್ರೀಗಳು ಅಲ್ಲಿ ದಾಸೋಹದ ಹೆಣ್ಣುಮಕ್ಕಳ ನಡುವೆ ನೆಲದ ಮೇಲೆ ಕುಳಿತು ಪುಂಡಿಪಲ್ಯದ ಎಲೆ ಬಿಡಿಸಿ ಸೋಸುತ್ತಿದ್ದರು. ಬಂದವರು ಎಷ್ಟೇ ದೊಡ್ಡವರಾಗಿರಲಿ, ಅವರ ಮುಂದೆಯೂ ಒಂದು ಸೂಡು ಪಲ್ಯ ಸರಿಸುತ್ತಿದ್ದರು. ಕೈಗೆ ಕೆಲಸ ಸಿಕ್ಕರೆ ಬಾಯಿ ಹದಕ್ಕೆ ಬರುತ್ತದೆ ಎಂಬುದು ಅವರ ಎಣಿಕೆಯಿರಬೇಕು.

ಆ ವರ್ಷ ಮಠದ ಶಾಲೆಗೆ ಇಂಗ್ಲಿಷ್ ಕಲಿಸಲು ಧಾರವಾಡದಿಂದ ವಾದಿರಾಜ ಕಟ್ಟಿ ಮಾಸ್ತರರು ಬಂದಿದ್ದರು. ಪಾಠದಲ್ಲಿ ಎತ್ತಿದ ಕೈ, ಸಿಟ್ಟಿನಲ್ಲೂ ಕಡಿಮೆಯಿಲ್ಲ. ಎಲ್ಲ ಮಕ್ಕಳಿಗೂ ಒಂದೇ ಪಾಠ, ಒಂದೇ ಓಟ. ಹಿಂದೆ ಬಿದ್ದವರು ಹಿಂದೆಯೇ. ಕಾವಿ ಉಟ್ಟವರಿಗೆ ಶಾಲೆಯ ಸಂಗತಿ ಏನು ತಿಳಿದೀತು ಎಂದು ಅವರು ಒಳಗೊಳಗೇ ಅಂದುಕೊಳ್ಳುತ್ತಿದ್ದರು.

ಅವರ ತರಗತಿಯಲ್ಲಿ ತಾಂಡಾದಿಂದ ಬಂದ ದೇವಲಿ ಎಂಬ ಹುಡುಗಿ ಇದ್ದಳು. ಮನೆಯಲ್ಲಿ ಲಂಬಾಣಿ ಬಿಟ್ಟು ಬೇರೆ ಮಾತಿಲ್ಲ. ಮಾಸ್ತರರು ಇಂಗ್ಲಿಷಿನ ಅರ್ಥವನ್ನು ಕನ್ನಡದಲ್ಲಿ ಬಿಡಿಸಿ ಹೇಳುವರು. ಆ ಕನ್ನಡವನ್ನು ಅವಳಿಗೆ ಬಿಡಿಸಿ ಹೇಳುವವರು ತರಗತಿಯಲ್ಲಿ ಯಾರೂ ಇರಲಿಲ್ಲ. ಎಬ್ಬಿಸಿ ನಿಲ್ಲಿಸಿದರೆ ಕಂಬದ ಹಾಗೆ ನಿಲ್ಲುವಳು. ಶಾಲೆಗೆ ಸೇರಿದಂದಿನಿಂದ ಅವಳ ಬಾಯಿಂದ ಒಂದು ಮಾತೂ ಹೊರಟಿರಲಿಲ್ಲ. ಅವಳಪ್ಪ ಹೇಮ್ಲಾ, ಮಗಳಿಗೆ ವಿದ್ಯೆ ಹತ್ತದಿದ್ದರೆ ಈ ಸಲದ ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಕರೆದುಕೊಂಡು ಹೋಗುವುದಾಗಿ ಮೊದಲೇ ತಿಳಿಸಿದ್ದ. ಹಾಗೆ ಹೋದ ಮಕ್ಕಳು ಮತ್ತೆ ಪಾಟಿ ಹಿಡಿದದ್ದನ್ನು ಯಾರೂ ಕಂಡಿರಲಿಲ್ಲ.

ಮಾಸ್ತರರು ಕಟ್ಟೆಗೆ ಬಂದು ನೇರವಾಗಿಯೇ ಹೇಳಿದರು. "ಅಜ್ಜಾರ, ಆ ಹುಡುಗಿ ಇಲ್ಲಿದ್ದು ಉಪಯೋಗಿಲ್ಲ. ತಲಿ ಖಾಲಿ ಅದ. ಅವರಪ್ಪನ್ನ ಕರಸಿ ಕಳಿಸಿಬಿಡ್ರಿ."

ಶ್ರೀಗಳು ಮರುಮಾತಾಡದೆ ಒಪ್ಪಿಕೊಂಡರು. ಮಾಸ್ತರರಿಗೇ ಆಶ್ಚರ್ಯವಾಯಿತು. ಆದರೆ ಮಠದಲ್ಲಿ ಒಂದು ನೇಮವಿತ್ತು, ಹೊಸಬರಾದ ಅವರಿಗೆ ಅದು ತಿಳಿದಿರಲಿಲ್ಲ. ಮಗುವಿನ ವಿಷಯ ಏನೇ ಇದ್ದರೂ ಅದನ್ನು ತೀರ್ಮಾನಿಸಿದವರೇ, ಹೆತ್ತವರ ಮನೆಮಾತಿನಲ್ಲೇ, ನಡುವೆ ಯಾರನ್ನೂ ಇಟ್ಟುಕೊಳ್ಳದೆ ಹೇಳಬೇಕು.

"ಅಮಾಸಿಗೆ ಹೇಮ್ಲಾ ಬರತಾನ. ಅವನ ಮಾತಿನಾಗ ನೀವಽ ಹೇಳ್ರಿ," ಎಂದರು ಶ್ರೀಗಳು.

"ನನಗ ಲಂಬಾಣಿ ಬರಂಗಿಲ್ಲಲ್ರೀ!"

"ಕಲೀರಿ. ಕಲಸಾಕ ದೇವಲಿ ಅದಾಳ."

ಮಾಸ್ತರರಿಗೆ ಮೈಯೆಲ್ಲ ಉರಿಯಿತು. ಆದರೂ ಎರಡು ಮಾತು ಕಲಿಯುವುದು ಎಷ್ಟರ ಕೆಲಸ, ಕಲಿತು ಈ ಕಾಟ ಕಳೆದುಕೊಳ್ಳೋಣ ಎಂದುಕೊಂಡು ಮರುದಿನ ಶಾಲೆ ಬಿಟ್ಟ ಮೇಲೆ ಅದೇ ಕಟ್ಟೆಯಲ್ಲಿ ಕುಳಿತರು. ಶ್ರೀಗಳು ದೇವಲಿಗೆ ಅವಳ ಮಾತಿನಲ್ಲೇ ಏನೋ ಹೇಳಿ, ಮತ್ತೆ ಪಲ್ಯ ಸೋಸತೊಡಗಿದರು. ಹುಡುಗಿ ನೀರಿನ ತಂಬಿಗೆ ತಂದು ಮಾಸ್ತರರ ಕೈಯಲ್ಲಿಟ್ಟು "ಪಾಣಿ" ಎಂದಳು. ರೊಟ್ಟಿ ತಂದು, ಮುರಿದು, ಅರ್ಧ ಅವರಿಗೆ ಕೊಟ್ಟು "ಬಾಟಿ" ಎಂದಳು. ಬಾ ಎನ್ನುವ ಮಾತನ್ನು ಬಂದು ತೋರಿಸಿದಳು, ಕೂಡು ಎನ್ನುವುದನ್ನು ಕೂತು ತೋರಿಸಿದಳು. ಮಾಸ್ತರರು ಪ್ರತಿಯೊಂದಕ್ಕೂ ಕನ್ನಡದ ಮಾತನ್ನು ತಮ್ಮಷ್ಟಕ್ಕೆ ಹೇಳಿಕೊಳ್ಳುವರು, ಅದನ್ನು ಅವಳು ಕಿವಿಗೊಟ್ಟು ಕೇಳುವಳು. ಹೇಳಿರೆಂದು ಒತ್ತಾಯ ಮಾಡಲಿಲ್ಲ. ಅವರು ಬರೀ ಕೇಳುತ್ತ ಕುಳಿತ ದಿನಗಳೂ ಇದ್ದವು.

ಕೆಲವು ದಿನಗಳಾದ ಮೇಲೆ ಮಾಸ್ತರರು ಒಂದು ಇಡೀ ವಾಕ್ಯ ಹೇಳಲು ಹೊರಟರು. ತಲೆಯಲ್ಲಿ ಎಲ್ಲ ಇತ್ತು. ಬಾಯಿ ತೆರೆದರೆ ಏನೂ ಇಲ್ಲ. ಪಲ್ಯ ಸೋಸುತ್ತಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ಇಪ್ಪತ್ತು ವರ್ಷ ಪಾಠ ಹೇಳಿದ ಮನುಷ್ಯ ಬೆವರಿಬಿಟ್ಟರು. ಆಗ ದೇವಲಿ ಮುಖ ತಿರುಗಿಸಿ ತಾನೂ ಒಂದು ಸೂಡು ಎತ್ತಿಕೊಂಡು ಎಲೆ ಬಿಡಿಸತೊಡಗಿದಳು. ಕಿವಿ ಮಾತ್ರ ಇತ್ತ ಇತ್ತು. ಯಾರೂ ನೋಡುತ್ತಿಲ್ಲವೆಂದು ಖಾತ್ರಿಯಾದ ಮೇಲೆ ಮಾಸ್ತರರ ಮಾತು ತೊದಲುತ್ತ ಹೊರಗೆ ಬಂತು. ಇದೇ ಹುಡುಗಿಯನ್ನು ತಾವು ಇಡೀ ತರಗತಿಯ ಎದುರು ಬೆಂಚಿನ ಮೇಲೆ ನಿಲ್ಲಿಸಿದ್ದು ನೆನಪಾಗಿ ಅವರಿಗೆ ನಾಚಿಕೆಯಾಯಿತು.

ಇನ್ನು ಉಳಿದದ್ದು ಒಂದೇ ಮಾತು. ದಡ್ಡಿ ಎನ್ನುವುದಕ್ಕೆ ಲಂಬಾಣಿಯಲ್ಲಿ ಏನೆನ್ನುತ್ತಾರೆ? ಅದನ್ನೂ ಅವಳಿಂದಲೇ ಕೇಳಿ ತಿಳಿಯಬೇಕು, ಅಭಿನಯಿಸಿಯೇ ಕೇಳಬೇಕು. ಅಮಾವಾಸ್ಯೆಯ ಹಿಂದಿನ ದಿನ ಮಾಸ್ತರರು ಕೈಯೆತ್ತಿ ತಲೆ ಮುಟ್ಟಿಕೊಂಡರು. ಅದು ಖಾಲಿ ಎಂದು ಅಭಿನಯಿಸಲು ಕೈ ಏಳಲಿಲ್ಲ. ಅವರಿಗೆ ತಲೆನೋವು ಬಂದಿದೆಯೆಂದು ತಿಳಿದು ದೇವಲಿ ಒಳಗೆ ಓಡಿಹೋಗಿ ಕೊಬ್ಬರಿ ಎಣ್ಣೆಯ ಬಟ್ಟಲು ತಂದು ಎದುರಿಗೆ ಹಿಡಿದಳು. ಮಾಸ್ತರರು ಶ್ರೀಗಳ ಮುಖ ನೋಡಿದರು. ಶ್ರೀಗಳು ತಲೆಯೆತ್ತಲಿಲ್ಲ. "ಹಚ್ಚಿಕೊಳ್ರಿ," ಎಂದರು, ಅಷ್ಟೆ.

ಮಾಸ್ತರರು ಹಚ್ಚಿಕೊಂಡರು. ಎಣ್ಣೆಯ ಕೈಯಲ್ಲೇ ಕಣ್ಣೂ ಒರೆಸಿಕೊಂಡರು. ಆ ಮಾತನ್ನು ಅವರು ಕಲಿಯಲೇ ಇಲ್ಲ.

ಅಮಾವಾಸ್ಯೆಯಂದು ಹೇಮ್ಲಾ ಬಂದ. ಕಬ್ಬಿನ ಗ್ಯಾಂಗಿನ ಲಾರಿ ಮರುದಿನ ಹೊರಡುವುದಿತ್ತು. ಮಗಳ ಬಟ್ಟೆಗೆಂದು ಒಂದು ಖಾಲಿ ಚೀಲವನ್ನೂ ತಂದಿದ್ದ. ಶ್ರೀಗಳು ಎಂದಿನ ಹಾಗೆ ಕಟ್ಟೆಯಲ್ಲಿದ್ದರು. ಮಾಸ್ತರರು ಕೈಮುಗಿದು ಎದ್ದು ನಿಂತರು. ನಿಮ್ಮ ಮಗಳನ್ನು ಒಯ್ಯಬೇಡಿ, ಆಕೆ ಬಲ್ಲವಳು, ಆಕೆಗೆ ಕಲಿಸುವುದು ನನಗೇ ಗೊತ್ತಿರಲಿಲ್ಲ ಎಂದು ಹೇಳಬೇಕಿತ್ತು. ಲಂಬಾಣಿಯಲ್ಲಿ ಮೊದಲ ಮಾತು ಸರಾಗವಾಗಿ ಬಂತು, ಎರಡನೆಯದು ಕುಂಟಿತು, ಮೂರನೆಯದನ್ನು ಅರ್ಧಕ್ಕೇ ಬಿಟ್ಟು ಮತ್ತೆ ಮೊದಲಿನಿಂದ ಹಿಡಿದರು. ಹೇಮ್ಲಾ ಬಾಯಿ ತೆರೆದು ನೋಡುತ್ತಿದ್ದ. ಪಂಚೆ ಉಟ್ಟ ಮಾಸ್ತರರೊಬ್ಬರು ತನ್ನ ಮಾತಿಗಾಗಿ ಹೀಗೆ ತಡಕಾಡುವುದನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ.

ಆಗ ದೇವಲಿ ಮಾಸ್ತರರ ಪಕ್ಕಕ್ಕೆ ಬಂದು ನಿಂತಳು. ಎಲ್ಲರಿಗೂ ಕೇಳುವ ಹಾಗೆ, ಸ್ವಚ್ಛ ಕನ್ನಡದಲ್ಲಿ ಹೇಳಿದಳು:

"ಸಾವಕಾಶ ಹೇಳ್ರಿ, ಸರ್. ನಮ್ಮಪ್ಪ ಕೇಳತಾನ."