ಗಿಣ್ಣನ ಸೋರೆಬುರುಡೆ

ಒಂದು ಕಾಡಿನಲ್ಲಿ ನಿದ್ದೆಗಣ್ಣಿನ ಹೊಳೆಯೊಂದಿತ್ತು. ಹರಿಯುತ್ತಿದೆಯೋ ಮಲಗಿದೆಯೋ ತಿಳಿಯುತ್ತಲೇ ಇರಲಿಲ್ಲ. ಬೆಳಗಿನ ಹೊತ್ತು ಮಂಜು ಇಳಿದು ನೀರಿಗೆ ಹೊದಿಕೆ ಹೊದಿಸುತ್ತಿತ್ತು. ದಡದ ಹೊಂಗೆಮರ ಹೂ ಉದುರಿಸುತ್ತಿತ್ತು. ಆ ಹೂಗಳು ತೇಲುತ್ತ ತೇಲುತ್ತ ಎಲ್ಲಿಗೋ ಹೋಗುತ್ತಿದ್ದವು. ಎಲ್ಲಿಗೆ ಅಂತ ಯಾರೂ ಕೇಳುತ್ತಿರಲಿಲ್ಲ. ಅಲ್ಲಿ ಕೂತವರಿಗೆಲ್ಲ ಮೊದಲು ಬರುತ್ತಿದ್ದುದು ಆಕಳಿಕೆ.

ಆ ಹೊಳೆಯಲ್ಲಿ ಹರಿಗೋಲು ನಡೆಸುತ್ತಿದ್ದವನು ಒಬ್ಬ ಮುದಿ ನೀರುನಾಯಿ. ಎಲ್ಲರೂ ಅವನನ್ನು ಅಂಬಿಗಜ್ಜ ಎನ್ನುತ್ತಿದ್ದರು. ಬುಟ್ಟಿಯಂಥ ದುಂಡು ಹರಿಗೋಲು ಅವನದು. ಹತ್ತುವವರು ಯಾರೇ ಆಗಲಿ, ಬೆನ್ನಿಗೆ ಎರಡು ಒಣ ಸೋರೆಬುರುಡೆ ಕಟ್ಟಿಕೊಳ್ಳಲೇಬೇಕು. ಬುರುಡೆಗಳ ನಡುವೆ ಹಗ್ಗದ್ದೊಂದು ಕುಣಿಕೆ. ನೀರಿಗೆ ಬಿದ್ದವರನ್ನು ಎತ್ತಲು ಅದೇ ಹಿಡಿ.

ಒಂದು ಮುಂಜಾನೆ ಚುಕ್ಕಿ ಎಂಬ ನಾಯಿ ತನ್ನ ಮರಿಯನ್ನು ಕರೆದುಕೊಂಡು ಬಂದಳು. ಆಚೆ ದಡದಲ್ಲಿ ಅವಳ ತಾಯಿ ಇದ್ದಳು. ಅಜ್ಜಿ ಇನ್ನೂ ಮೊಮ್ಮಗನ ಮುಖ ನೋಡಿರಲಿಲ್ಲ. ಮರಿ ಗಿಣ್ಣಿನ ಹಾಗೆ ಬೆಳ್ಳಗಿದ್ದ, ಮೆತ್ತಗಿದ್ದ. ಅದಕ್ಕೇ ಅವನ ಹೆಸರು ಗಿಣ್ಣ. ಚುಕ್ಕಿಗೆ ಅವನೊಬ್ಬನೇ ಮಗ. ಕಣ್ಣಲ್ಲಿ ಕಣ್ಣಿಟ್ಟು ಸಾಕಿದ್ದಳು.

ಅಜ್ಜ ಗಿಣ್ಣನಿಗೆ ಬುರುಡೆ ಕಟ್ಟಿದ. "ನೋಡು ಕೂಸೇ, ಹರಿಗೋಲಿನ ನಡುಮಧ್ಯೆ ಕೂರಬೇಕು. ನೀರಿಗೆ ಬಿದ್ದರೆ ಒದ್ದಾಡಬಾರದು. ಬುರುಡೆ ಹೊತ್ತುಕೊಳ್ಳುತ್ತೆ, ನಾನು ಬರ್ತೀನಿ."

"ನನಗೂ ಬೇಕಾ ಅಜ್ಜಾ? ನಾಯಿಗೆ ಯಾರಾದರೂ ಈಜು ಕಲಿಸ್ತಾರಾ?" ಎಂದು ಚುಕ್ಕಿ ನಕ್ಕಳು.

"ನೀನು ಈಜಿದ್ದು ಊರ ಕಟ್ಟೆಯಲ್ಲಿ ಮಗಳೇ. ಇದು ಹೊಳೆ. ಮೇಲೆ ನಿದ್ದೆ, ಒಳಗೆ ಸೆಳೆತ," ಎನ್ನುತ್ತ ಅಜ್ಜ ಅವಳ ಬೆನ್ನಿಗೂ ಬುರುಡೆ ಕಟ್ಟಿದ.

ಅಷ್ಟರಲ್ಲಿ ನರಿಯಣ್ಣ ಬಂದ. ಬಾಯಲ್ಲಿ ಒಂದು ಒಣ ಎಲುಬು. ಅಬ್ಬಬ್ಬಾ, ಅವನ ನಯವೇನು, ವಿನಯವೇನು! ಅಜ್ಜ ಹೇಳುವ ಮೊದಲೇ ಬುರುಡೆ ಕಟ್ಟಿಸಿಕೊಂಡು ಮೂಲೆ ಹಿಡಿದು ಕೂತ. ದುಂಡು ಹರಿಗೋಲಿಗೆ ಮೂಲೆ ಎಲ್ಲಿಯದು ಅಂತ ಕೇಳಬೇಡಿ. ನರಿ ಕೂತಲ್ಲೇ ಮೂಲೆ. ಅವನ ಕಣ್ಣು ಮಾತ್ರ ಗಿಣ್ಣನ ಮೇಲಿತ್ತು.

ಹರಿಗೋಲು ಹೊರಟಿತು. ಮಂಜಿನೊಳಗೆ ದಡ ಕರಗಿತು. ಹೂಗಳು ಜೊತೆಜೊತೆಗೆ ತೇಲಿದವು. ಅಜ್ಜ ಬೆನ್ನು ತಿರುಗಿಸಿ, ಹುಟ್ಟು ಹಾಕುತ್ತ ಏನೋ ಗುನುಗುತ್ತಿದ್ದ. ಚುಕ್ಕಿಗೆ ಕಣ್ಣು ಎಳೆಯಿತು. ತವರಿನ ಅಂಗಳ ಕಂಡ ಹಾಗಾಯಿತು.

"ತಂಗೀ," ನರಿ ಮೆಲ್ಲಗೆ ಉಸುರಿದ, "ನಾಯಿ ಕುಲದಲ್ಲಿ ಹುಟ್ಟಿ ಬೆನ್ನಿಗೆ ತರಕಾರಿ ಕಟ್ಟಿಕೊಂಡು ತವರಿಗೆ ಹೋಗ್ತೀಯಲ್ಲ, ನೋಡಿದವರು ಏನಂದಾರು? ಇಗೋ, ನನ್ನದನ್ನು ನಾನೇ ಬಿಚ್ಚಿಟ್ಟೆ."

ಅವನು ನಿಜಕ್ಕೂ ಬಿಚ್ಚಿಟ್ಟ. ಚುಕ್ಕಿಗೆ ನಾಚಿಕೆಯಾಯಿತು. ಅವಳೂ ಹಗ್ಗ ಸಡಿಲಿಸಿ ಬುರುಡೆ ಕೆಳಗಿಟ್ಟಳು. ಮಗನದ್ದನ್ನು ಮಾತ್ರ ಬಿಚ್ಚಲಿಲ್ಲ. ತಾಯಿ ಕರುಳು ಅಲ್ಲವೇ?

ನಡುಹೊಳೆ ಬಂತು. ನರಿ ಎಲುಬನ್ನು ಬೀಸಿ ದೂರಕ್ಕೆ ಎಸೆದ. "ತಾ ನೋಡೋಣ!" ಎಂದ.

ಎಸೆದದ್ದನ್ನು ತರದೆ ಕೂರಲು ಯಾವ ನಾಯಿಗೆ ಬಂದೀತು? ಬುದ್ಧಿ ಬೇಡ ಅನ್ನುವುದರೊಳಗೆ ಕಾಲು ಹಾರಿಯಾಗಿತ್ತು. ಧುಡುಂ!

ಮೊದಮೊದಲು ನೀರು ಹಿತವಾಗಿಯೇ ಇತ್ತು. ಎಲುಬು ಮುಂದೆ ಮುಂದೆ ಹೋಯಿತು, ಚುಕ್ಕಿಯೂ ಹೋದಳು. ತಿರುಗಿ ನೋಡಿದರೆ ಹರಿಗೋಲು ಅಂಗೈಯಷ್ಟಾಗಿತ್ತು. ವಾಪಸ್ಸು ಈಜಿದಳು. ಎಷ್ಟು ಕಾಲು ಬಡಿದರೂ ಇದ್ದಲ್ಲೇ ಇದ್ದಳು. ಮೂಗಿಗೆ ನೀರು ಹೊಕ್ಕಿತು, ಕಾಲು ಕಲ್ಲಾಯಿತು. ಆಗ ಹೊಳೆತಾಯಿ ಅವಳನ್ನು ಕೆಳಕ್ಕೆ ಕರೆದಳು, ಜೋಗುಳ ಹಾಡುವವಳ ಹಾಗೆ, ಬಾ, ಮಲಗು ಎಂದು.

"ಅಯ್ಯೋ ಮಗಳೇ!" ಎಂದು ಅಂಬಿಗಜ್ಜ ಹುಟ್ಟು ಬಿಟ್ಟು ಧುಮುಕಿದ.

ನರಿಗೆ ಬೇಕಾಗಿದ್ದುದೂ ಅದೇ. ಈಗ ಹರಿಗೋಲಿನಲ್ಲಿ ಉಳಿದದ್ದು ಅವನು ಮತ್ತು ಮೆತ್ತನೆಯ ಗಿಣ್ಣ. "ಬಾ ಕಂದಾ, ಹೆದರಬೇಡ," ಎಂದು ಹಲ್ಲು ಕಿರಿದ.

"ಅಮ್ಮಾ!" ಎಂದು ಗಿಣ್ಣ ಚೀರಿದ. ನರಿ ಎಗರಿದ. ಗಿಣ್ಣ ಕಣ್ಣು ಮುಚ್ಚಿಕೊಂಡು ನೀರಿಗೆ ಹಾರಿದ. ನರಿಯ ಭಾರಕ್ಕೆ ಹರಿಗೋಲು ಒಂದು ಕಡೆಗೆ ವಾಲಿ ಗಿರ್ರನೆ ತಿರುಗಿತು. ಹುಟ್ಟು ಹಾಕಲು ಬಾರದವನಿಗೆ ಹರಿಗೋಲು ಮುಂದಕ್ಕೆ ಹೋದೀತೇ? ಮೂರು ಸುತ್ತಿಗೆ ತಲೆ ತಿರುಗಿ, ನಾಲ್ಕನೆಯದಕ್ಕೆ ನರಿಯೂ ನೀರಿನಲ್ಲಿದ್ದ. ಅವನ ಬುರುಡೆಗಳು ಮಾತ್ರ ಹರಿಗೋಲಿನೊಳಗೆ ಬೆಚ್ಚಗೆ ಕೂತಿದ್ದವು.

ಅತ್ತ ಅಜ್ಜ ಚುಕ್ಕಿಯನ್ನು ಹಿಡಿದ. ಎಲ್ಲಿ ಹಿಡಿಯುವುದು? ಕುಣಿಕೆಯೇ ಇಲ್ಲ. ಒದ್ದೆ ತುಪ್ಪಳ ಬಾಯಿಂದ ಜಾರಿತು. ಮತ್ತೆ ಹಿಡಿದ, ಮತ್ತೆ ಜಾರಿತು. ಚುಕ್ಕಿಯ ಕಣ್ಣು ಮುಚ್ಚುತ್ತಿತ್ತು. ಅಷ್ಟರಲ್ಲಿ ಮಂಜಿನೊಳಗಿಂದ ಹೊಂಗೆ ಹೂಗಳ ಜೊತೆ ಬೆಳ್ಳಗಿನದೊಂದು ತೇಲಿ ಬಂತು. ಅದು ಒದ್ದಾಡುತ್ತಿರಲಿಲ್ಲ. ಅಜ್ಜ ಹೇಳಿದ ಹಾಗೆ ಸುಮ್ಮನೆ ತೇಲುತ್ತಿತ್ತು.

"ಅಮ್ಮಾ, ನನ್ನ ಬುರುಡೆ ಹಿಡ್ಕೋ!"

ಚುಕ್ಕಿ ಮುಂಗಾಲು ಚಾಚಿ ಬುರುಡೆಗಳನ್ನು ತಬ್ಬಿದಳು. ಅವು ಒಮ್ಮೆ ಮುಳುಗಿದವು, ಆಮೇಲೆ ಮೇಲೆದ್ದವು. ತಾಯಿ ಮಗ ಇಬ್ಬರನ್ನೂ ಹೊತ್ತವು. ಅಜ್ಜ ಗಿಣ್ಣನ ಕುಣಿಕೆ ಕಚ್ಚಿಕೊಂಡ. ಸೆಳೆತಕ್ಕೆ ಎದುರು ಹೋಗದೆ, ಅಡ್ಡಡ್ಡ ಈಜಿ, ಆಚೆ ದಡ ಮುಟ್ಟಿಸಿದ. ಚುಕ್ಕಿ ಮರಳ ಮೇಲೆ ಬಿದ್ದು ನೀರು ಕಾರಿದಳು. ಮಗನ ಮುಖ ನೆಕ್ಕಿ ನೆಕ್ಕಿ ಅತ್ತಳು.

"ನನ್ನನ್ನೂ ಎತ್ತೋ ಅಜ್ಜಾ, ನಿನ್ನ ದಮ್ಮಯ್ಯ!" ನರಿ ಮುಳುಗೇಳುತ್ತ ಕೂಗುತ್ತಿದ್ದ.

ಅಂಬಿಗ ಅಂದಮೇಲೆ ಯಾರನ್ನೂ ನೀರಿಗೆ ಬಿಡುವ ಹಾಗಿಲ್ಲ. ಅಜ್ಜ ಮತ್ತೆ ಹೋದ. "ಎಲ್ಲಿ ಹಿಡಿಯಲಪ್ಪಾ? ಹಿಡಿಯನ್ನು ನೀನೇ ಬಿಚ್ಚಿಟ್ಟೆಯಲ್ಲ!" ಎಂದು ಬಾಲಕ್ಕೆ ಬಾಯಿ ಹಾಕಿ ದರದರ ಎಳೆದು ತಂದ. ನರಿಯ ಜೀವ ದಡ ಸೇರಿತು. ಬಾಲದ ಕೂದಲು ಹೊಳೆಯಲ್ಲೇ ಉಳಿಯಿತು. ಇಲಿಬಾಲ ಹೊತ್ತು ಅವನು ಕಾಡಿನೊಳಗೆ ಓಡಿದ. ಕಪ್ಪೆಗಳು ನಕ್ಕ ನಗು ಮೂರು ದಿನ ನಿಲ್ಲಲಿಲ್ಲ.

ಅಜ್ಜ ಹರಿಗೋಲನ್ನು ಹುಡುಕಿ ತಂದ. "ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತಾರೆ," ಎಂದು ಚುಕ್ಕಿ ತಲೆ ತಗ್ಗಿಸಿದಳು.

"ಬಂತಲ್ಲ, ಅಷ್ಟು ಸಾಕು," ಎಂದ ಅಜ್ಜ.

ವಾರ ಕಳೆದು ಅವರು ಹಿಂತಿರುಗುವ ದಿನ ಅಜ್ಜಿಯೂ ದಡದವರೆಗೆ ಬಂದಳು. ಮಗಳು ತಾನಾಗಿಯೇ ಬುರುಡೆ ಕಟ್ಟಿಸಿಕೊಳ್ಳುವುದನ್ನು ಕಂಡು ಹುಬ್ಬೇರಿಸಿದಳು.

"ಇದೇನೇ ನಿನ್ನ ವೇಷ? ನಿನಗೆ ಈಜು ಬರುತ್ತಲ್ಲೇ!"

"ನನಗೆ ಬರುತ್ತಮ್ಮಾ," ಎಂದಳು ಚುಕ್ಕಿ. "ಆದರೆ ಅದು ಹೊಳೆಗೆ ಗೊತ್ತಿಲ್ಲವಲ್ಲ."

ಹರಿಗೋಲು ಮಂಜಿನೊಳಗೆ ತೇಲಿಹೋಯಿತು. ನಡುಮಧ್ಯೆ ಎರಡು ಬೆನ್ನುಗಳ ಮೇಲೆ ನಾಲ್ಕು ಸೋರೆಬುರುಡೆಗಳು ಒಂದಕ್ಕೊಂದು ತಾಗಿ ಟೊಳ್ ಟೊಳ್ ಎನ್ನುತ್ತಿದ್ದವು.

ನೀತಿ: ಈಜು ಬಲ್ಲೆನೆಂದು ನೀರಿನ ಮುಂದೆ ಜಂಬ ಸಲ್ಲದು, ಕಾಪಾಡುವ ಕಟ್ಟನ್ನು ಬಿಚ್ಚೆನ್ನುವವನು ನೆಂಟನಲ್ಲ.