ಬೇಡ ಎನ್ನಲಾರದವನ ಮುಂಗಡ

"ಬುದ್ಧೀ, ಯಾರಿಗೂ ನೋವಾಗದಿರಲಿ ಎಂದು ಹೇಳುವ ಸುಳ್ಳಿಗೂ ದೋಷ ಉಂಟೇ?"

ಮಠದ ಜಗಲಿಯಲ್ಲಿ ಗುರುಗಳ ಎದುರು ಕುಳಿತಿದ್ದ ಪಂಚಾಕ್ಷರಿ ಹೀಗೆ ಕೇಳಿದ. ಅಂದು ಬೆಳಗ್ಗೆ ದೂರದ ಊರಿನ ಭಕ್ತರೊಬ್ಬರು ಬಂದಾಗ ಅವನು, "ಗುರುಗಳು ನಿನ್ನೆಯಷ್ಟೇ ನಿಮ್ಮನ್ನು ನೆನೆಸಿಕೊಂಡರು" ಎಂದಿದ್ದ. ಗುರುಗಳು ನೆನೆಸಿಕೊಂಡಿರಲಿಲ್ಲ. ಭಕ್ತರು ಹಿಗ್ಗಿಹೋಗಿದ್ದರು. ಒಳಗಿದ್ದ ಗುರುಗಳು ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ದೋಷ ಇದೆಯೋ ಇಲ್ಲವೋ ಆಮೇಲೆ ನೋಡೋಣ. ಮೊದಲು ಒಂದು ಕತೆ ಕೇಳು. ನಡುವೆ ಬಾಯಿ ಹಾಕಬೇಡ" ಎಂದು ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ವಾಲಗದವನಿದ್ದ. ನಾಗಸ್ವರ ನುಡಿಸುವವನು. ಡೋಲಿಗೆ ಒಬ್ಬ, ಶ್ರುತಿಗೆ ಒಬ್ಬ, ತಾಳಕ್ಕೆ ಒಬ್ಬ, ಇಷ್ಟು ಮಂದಿಯ ಮೇಳ ಅವನದು. ಮದುವೆಗೆ ಹೋಗಬೇಕೆಂದರೆ ಬಸ್ಸೇ ಗತಿ. ಡೋಲು ಕಂಡ ಕೂಡಲೇ ಕಂಡಕ್ಟರ್ ಮುಖ ಗಂಟು ಹಾಕಿಕೊಂಡು ಅದಕ್ಕೂ ಟಿಕೆಟ್ ಕೇಳುತ್ತಿದ್ದ. ಒಮ್ಮೆ ಬಸ್ಸು ದಾರಿಯಲ್ಲೇ ಕೆಟ್ಟು ನಿಂತಿತು. ಇವರು ಛತ್ರ ಮುಟ್ಟುವ ಹೊತ್ತಿಗೆ ಮದುವೆ ಮುಗಿದು ಜನ ಊಟಕ್ಕೆ ಕೂತಿದ್ದರು. ಹೆಣ್ಣಿನ ತಂದೆ ಎಲ್ಲರೆದುರು ಆಡಬಾರದ ಮಾತು ಆಡಿದ. ಅವತ್ತೇ ವಾಲಗದವನು, ಸಾಲವೋ ಸೋಲವೋ, ಒಂದು ಕಾರು ಮಾಡಿಕೊಳ್ಳಲೇಬೇಕೆಂದು ನಿಶ್ಚಯಿಸಿದ.

ಊರಾಚೆ ಹಳೆಯ ಕಾರುಗಳನ್ನು ಮಾರುವ ಒಬ್ಬ ವ್ಯಾಪಾರಿಯಿದ್ದ. ಅವನ ಅಂಗಳದಲ್ಲಿ ಮೇಳವೆಲ್ಲ ಕೂರುವಷ್ಟು ದೊಡ್ಡದೊಂದು ಕಪ್ಪು ಕಾರು ನಿಂತಿತ್ತು. ವಾಲಗದವನಿಗೆ ಅದು ಹಿಡಿಸಿತು. ಆ ವರ್ಷ ಮದುವೆಗಳಲ್ಲಿ ದುಡಿದದ್ದನ್ನೆಲ್ಲ ತಂದು ಮುಂಗಡ ಕೊಟ್ಟ. ಉಳಿದದ್ದಕ್ಕೆ ಸಾಲ ಮಾಡುವುದೆಂದಾಯಿತು. ವ್ಯಾಪಾರಿ ತಾಂಬೂಲ ಕೊಟ್ಟು, ಕಾರಿನ ಬೀಗದ ಕೈಯನ್ನು ಒಂದು ಗಳಿಗೆ ಅವನ ಕೈಯಲ್ಲಿಟ್ಟು, "ಒಳ್ಳೆ ದಿನ ನೋಡಿ ಒಯ್ಯಿರಿ" ಎಂದ. ಇದು ಜ್ಯೇಷ್ಠ ಮಾಸದ ಮಾತು.

ಆಷಾಢ ಬಂತು. ಆಷಾಢದಲ್ಲಿ ಮದುವೆಯಿಲ್ಲ, ಮದುವೆಯಿಲ್ಲದಿದ್ದರೆ ವಾಲಗದವನಿಗೆ ಕಾಸಿಲ್ಲ. ಅಂಥ ಹೊತ್ತಿನಲ್ಲೇ ಅವನ ಒಬ್ಬಳೇ ಮಗಳಿಗೆ ಊರಿನ ನರ್ಸಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಹುಡುಗಿ ಅದಕ್ಕಾಗಿ ಹಗಲಿರುಳು ಓದಿದ್ದಳು. ಭೀಮನ ಅಮಾವಾಸ್ಯೆಯ ಹಿಂದಿನ ದಿನ ಫೀಸು ಕಟ್ಟಲು ಕಡೇ ದಿನ. ಅಷ್ಟರೊಳಗೆ ಕಟ್ಟದಿದ್ದರೆ ಸೀಟು ಮುಂದಿನ ಹೆಸರಿನವರಿಗೆ ಹೋಗುತ್ತದೆ. ಮನೆಯಲ್ಲಿ ಇದ್ದ ದುಡ್ಡೆಂದರೆ ವ್ಯಾಪಾರಿಯ ಹತ್ತಿರ ಇದ್ದ ಮುಂಗಡ ಒಂದೇ.

"ಕಾರು ಮುಂದಿನ ವರ್ಷ ಬರಲಿ. ಹೋಗಿ ದುಡ್ಡು ವಾಪಸ್ ಇಸ್ಕೊಂಡು ಬನ್ನಿ" ಎಂದಳು ಹೆಂಡತಿ. ವಾಲಗದವನೂ ಅದಕ್ಕೆ ಒಪ್ಪಿದ. ಅವನಿಗೂ ಕಾರಿಗಿಂತ ಮಗಳೇ ಹೆಚ್ಚು, ಅದರಲ್ಲಿ ಅನುಮಾನ ಬೇಡ.

ಇಲ್ಲಿ ನೀನು ಅವನ ಒಂದು ಗುಣ ತಿಳಿದುಕೊಳ್ಳಬೇಕು. ತಾಳಿ ಕಟ್ಟುವ ಗಳಿಗೆಯಲ್ಲಿ ಗಟ್ಟಿಮೇಳ ಬಾರಿಸುತ್ತಾರಲ್ಲ, ಯಾಕೆ? ಯಾರೋ ಸೀನಬಹುದು, ಯಾರೋ ಬಿಕ್ಕಬಹುದು, ಯಾರದೋ ಬಾಯಿಂದ ಬರಬಾರದ ಮಾತು ಬಂದುಬಿಡಬಹುದು. ಅದೊಂದೂ ಮದುಮಕ್ಕಳ ಕಿವಿಗೆ ಬೀಳಬಾರದು. ಈ ಕಸುಬು ಮಾಡಿಕೊಂಡೇ ಬೆಳೆದವನು ಅವನು. ಶುಭದ ಜಾಗದಲ್ಲಿ ಇಲ್ಲ ಅನ್ನಬಾರದು, ಬೇಡ ಅನ್ನಬಾರದು ಎಂದು ಅವನ ಅಪ್ಪ ಹೇಳಿಕೊಟ್ಟಿದ್ದ. ಊಟದ ಎಲೆಯ ಮುಂದೆ ಕೂತಾಗಲೂ ಸಾಕಾದರೆ ಕೈ ಅಡ್ಡ ಹಿಡಿಯುತ್ತಿದ್ದನೇ ಹೊರತು ಬೇಡ ಎಂದು ಬಾಯಿಬಿಟ್ಟು ಹೇಳಿದವನಲ್ಲ. ಮದುವೆ ಮನೆಗೆ ಅದು ಸರಿ. ಅವನು ಅದನ್ನು ಹೋದಲ್ಲೆಲ್ಲ ಹೊತ್ತುಕೊಂಡು ತಿರುಗುತ್ತಿದ್ದ, ತೊಂದರೆ ಬಂದದ್ದೇ ಅಲ್ಲಿ.

ಅವನು ಹೋದಾಗ ವ್ಯಾಪಾರಿ ಆಗಷ್ಟೇ ಅಂಗಡಿ ತೆರೆದು ದೇವರಿಗೆ ಊದುಬತ್ತಿ ಹಚ್ಚುತ್ತಿದ್ದ. ಇನ್ನೂ ಬೋಣಿಯಾಗಿರಲಿಲ್ಲ. ಬೋಣಿಯ ಹೊತ್ತಿನಲ್ಲಿ ದುಡ್ಡು ವಾಪಸ್ ಕೇಳುವುದೇ? ವಾಲಗದವನ ನಾಲಗೆ ಹೊರಳಲಿಲ್ಲ. "ಆಷಾಢ ಬಂತಲ್ಲ ಸಾವ್ಕಾರ್ರೇ, ಈಗ ಗಾಡಿ ಮನೆಗೆ ತರೋದಕ್ಕೆ ಹಿರಿಯರು ಒಪ್ತಾ ಇಲ್ಲ" ಎಂದ. ಇಷ್ಟು ಹೇಳಿದರೆ ಸಾಕು, ಬುದ್ಧಿವಂತ ವ್ಯಾಪಾರಿ, ತಾನಾಗಿಯೇ ಅರ್ಥ ಮಾಡಿಕೊಂಡು ದುಡ್ಡು ತೆಗೆದುಕೊಡುತ್ತಾನೆ ಎಂದುಕೊಂಡ.

ವ್ಯಾಪಾರಿ ನಕ್ಕುಬಿಟ್ಟ. "ಅಯ್ಯೋ, ಅಷ್ಟೇನಾ? ಅದಕ್ಯಾಕೆ ಮುಖ ಸಣ್ಣ ಮಾಡ್ಕೊಂಡು ಬಂದ್ರಿ? ಶ್ರಾವಣದಲ್ಲೇ ಒಯ್ಯಿರಿ. ಅಲ್ಲೀವರೆಗೆ ಯಾರು ಬಂದು ಕೇಳಿದ್ರೂ ಕೊಡೋದಿಲ್ಲ" ಎಂದವನೇ ಕಾಫಿ ತರಿಸಿದ. ವಾಲಗದವನು ಕಾಫಿ ಕುಡಿದು, ಕೈ ಮುಗಿದು ಎದ್ದು ಬಂದ.

ಕಾರಿನ ವ್ಯಾಪಾರಿ ಅಂದಮೇಲೆ ಮೋಸಗಾರನೇ ಇರಬೇಕು ಎಂದು ನೀನು ಆಗಲೇ ಲೆಕ್ಕ ಹಾಕಿರುತ್ತೀಯ. ಅಲ್ಲ. ಅವನು ಒಳ್ಳೆಯವನು. ವಾಲಗದವನ ಕಷ್ಟ ಇದ್ದದ್ದೇ ಅಲ್ಲಿ. ಕೆಟ್ಟವನಾಗಿದ್ದರೆ ಜಗಳವಾಡಿಯಾದರೂ ಕೇಳಬಹುದಿತ್ತು.

"ಏನಂದ್ರು?" ಎಂದು ಹೆಂಡತಿ ಕೇಳಿದಳು. "ಕೊಡ್ತಾರಂತೆ" ಎಂದ. ಮಗಳು ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡಳು. ಅವಳ ಮುಖ ಅರಳಿತು.

ಅಂದಿನಿಂದ ಅವನಿಗೆ ಊಟ ಸೇರಲಿಲ್ಲ. ತುತ್ತು ಎತ್ತಿದರೆ ಕಾಲೇಜಿನ ನೆನಪು, ಮಲಗಿದರೆ ವ್ಯಾಪಾರಿಯ ನಗುಮುಖ. ಅಭ್ಯಾಸಕ್ಕೆಂದು ನಾಗಸ್ವರ ಹಿಡಿದರೆ ಉಸಿರು ಹಿಡಿತಕ್ಕೆ ಸಿಗುತ್ತಿರಲಿಲ್ಲ, ಸ್ವರ ನಡುಗುತ್ತಿತ್ತು. ಇವತ್ತು ಹೇಳೇ ಬಿಡುತ್ತೇನೆ ಎಂದು ಚಪ್ಪಲಿ ಮೆಟ್ಟುತ್ತಿದ್ದ. ವ್ಯಾಪಾರಿಯ ಗೇಟು ಕಾಣುತ್ತಲೇ ಹಿಂದಕ್ಕೆ ತಿರುಗುತ್ತಿದ್ದ. ಕೊನೆಗೊಂದು ದಿನ ಧೈರ್ಯ ಮಾಡಿ ಒಳಗೆ ಹೋದ. ಹೋಗಿ ಏನೆಂದ ಅಂತೀಯ? "ಸಾವ್ಕಾರ್ರೇ, ನನ್ನ ಜಾತಕಕ್ಕೆ ಕಪ್ಪು ಬಣ್ಣ ಆಗಿಬರೋದಿಲ್ವಂತೆ. ಜೋಯಿಸರು ಹೇಳಿದ್ರು."

ಯಾವ ಜೋಯಿಸರೂ ಹಾಗೆ ಹೇಳಿರಲಿಲ್ಲ. ಬಣ್ಣ ಬದಲಾಯಿಸಲು ಆಗುವುದಿಲ್ಲವಲ್ಲ, ಇದಕ್ಕಾದರೂ ವ್ಯಾಪಾರಿ ಕೈಚೆಲ್ಲುತ್ತಾನೆ ಎಂಬುದು ಅವನ ಲೆಕ್ಕಾಚಾರ. ವ್ಯಾಪಾರಿ, "ನಂಬಿಕೆ ವಿಷಯ, ಅದರಲ್ಲಿ ನಾನು ಮಾತಾಡೋದಿಲ್ಲ. ನೋಡೋಣ ಇರಿ" ಎಂದ. ವಾಲಗದವನ ಮೈ ಹಗುರಾಯಿತು. ದಾರಿಯುದ್ದಕ್ಕೂ ಒಂದು ಕೀರ್ತನೆ ಗುನುಗಿಕೊಂಡೇ ಮನೆಗೆ ಬಂದ.

ನಾಲ್ಕು ದಿನ ಕಳೆಯಿತು. ವ್ಯಾಪಾರಿ ಫೋನು ಮಾಡಲಿಲ್ಲ, ಇವನು ಹೋಗಲಿಲ್ಲ. ಹೆಂಡತಿ ದಿನಾ ಕೇಳುತ್ತಿದ್ದಳು, ಇವನು ದಿನಾ "ಇವತ್ತು ನಾಳೆಯಲ್ಲಿ ಬರುತ್ತೆ" ಎನ್ನುತ್ತಿದ್ದ. ಮಗಳು ಕೇಳುತ್ತಿರಲಿಲ್ಲ. ಕಡೇ ದಿನಕ್ಕೆ ಇನ್ನು ಒಂದೇ ದಿನ ಉಳಿದಿತ್ತು.

ಅಂದು ಸಂಜೆ ಮನೆಯ ಮುಂದೆ ಒಂದು ಕಾರು ಬಂದು ನಿಂತಿತು. ಬಿಳಿಯ ಕಾರು. ವ್ಯಾಪಾರಿಯೇ ಇಳಿದ. ಕೈಯಲ್ಲಿ ಮೈಸೂರು ಪಾಕಿನ ಡಬ್ಬಿ.

"ನಿಮಗೋಸ್ಕರ ಕಪ್ಪು ಗಾಡಿ ಕೊಟ್ಟು ಹಾಸನದಿಂದ ಇದನ್ನ ತರಿಸಿದೀನಿ ಕಣ್ರೀ. ಅದಕ್ಕಿಂತ ಇದೇ ಚೆನ್ನಾಗಿದೆ. ಮನೆಯವರು ಒಂದು ಸಲ ನೋಡಲಿ ಅಂತ ತಂದೆ" ಎಂದ. ವಾಲಗದವನ ಹೆಂಡತಿಯ ಕಡೆ ತಿರುಗಿ, "ಶ್ರಾವಣಕ್ಕೆ ಮನೆ ತುಂಬಿಸ್ಕೊಳ್ಳಿ ತಾಯಿ. ನಿಮ್ಮವರು ನಿಧಾನಸ್ಥರು, ಆದ್ರೆ ಮಾತಿಗೆ ತಪ್ಪೋರಲ್ಲ" ಎಂದ.

ಹೆಂಡತಿ ಗಂಡನ ಮುಖ ನೋಡಿದಳು. ಅವನು ನೆಲ ನೋಡಿದ. ಅವಳಿಗೆ ಎಲ್ಲ ತಿಳಿದುಹೋಯಿತು. ಆದರೆ ಮನೆಬಾಗಿಲಿಗೆ ಸಿಹಿ ಹಿಡಿದು ಬಂದವನ ಎದುರು ಅವಳಿಗೂ ಬಾಯಿ ಬರಲಿಲ್ಲ ನೋಡು. ಒಳಗೆ ಹೋಗಿ ಕಾಫಿ ಮಾಡಿ ತಂದುಕೊಟ್ಟಳು. ವ್ಯಾಪಾರಿ ಹೋದಮೇಲೆ ಲೋಟ ತೊಳೆಯುತ್ತಾ, "ನಾಳೆ ಕಡೇ ದಿನ. ಮಗಳಿಗೆ ನಾನೇನೂ ಹೇಳಿಲ್ಲ. ನಿಮ್ಮ ಕಾಲಿಗೆ ಬೀಳ್ತೀನಿ, ನಾಳೆ ಬಾಯಿ ಬಿಡಿ" ಎಂದಳು.

ಬೆಳಗ್ಗೆ ಅಂಗಡಿ ತೆಗೆಯುವ ಮೊದಲೇ ಅವನು ಗೇಟಿನ ಮುಂದೆ ನಿಂತಿದ್ದ. ಕೆಲಸದಾಳು ಬಂದು ಬೀಗ ತೆಗೆದು, "ಸಾಹುಕಾರ್ರು ಆರ್‌ಟಿಓ ಆಫೀಸಿಗೆ ಹೋದ್ರು. ನಿಮ್ಮ ಬಿಳಿ ಗಾಡಿ ಕೆಲಸಾನೇ" ಎಂದ. ಫೋನು ಮಾಡಿದರೆ ಎತ್ತುವವರಿಲ್ಲ. ಬಿಸಿಲು ಏರಿತು. ಊಟದ ಹೊತ್ತಾಯಿತು. ಅವನು ಬೆಂಚಿನ ಮೇಲೆ ಕೂರುತ್ತಿದ್ದ, ಏಳುತ್ತಿದ್ದ, ಗೇಟಿನವರೆಗೆ ಹೋಗಿ ರಸ್ತೆ ನೋಡುತ್ತಿದ್ದ, ಮತ್ತೆ ಬಂದು ಕೂರುತ್ತಿದ್ದ. ಕಾಲೇಜಿನ ಕಚೇರಿ ಸಂಜೆಯವರೆಗೂ ತೆರೆದಿರುತ್ತದೆ, ಇನ್ನೂ ಹೊತ್ತಿದೆ, ಇನ್ನೂ ಹೊತ್ತಿದೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ನೆರಳು ಉದ್ದವಾದ ಮೇಲೆ ಅದನ್ನು ಹೇಳಿಕೊಳ್ಳುವುದನ್ನೂ ಬಿಟ್ಟ.

ಬಿಸಿಲು ಇಳಿದ ಮೇಲೆ ವ್ಯಾಪಾರಿ ಬಂದ. ಕಾರಿನಿಂದ ಇನ್ನೂ ಪೂರ್ತಿ ಇಳಿದಿರಲಿಲ್ಲ, ವಾಲಗದವನು ಓಡಿಹೋಗಿ ಅವನ ಎರಡೂ ಕೈ ಹಿಡಿದುಕೊಂಡ. "ಸಾವ್ಕಾರ್ರೇ, ನನಗೆ ಕಾರು ಬೇಡ. ಕಪ್ಪೂ ಬೇಡ, ಬಿಳೀನೂ ಬೇಡ. ಮಗಳ ಫೀಸು ಕಟ್ಟಬೇಕು, ಇವತ್ತೇ ಕಡೇ ದಿನ. ನನ್ನ ದುಡ್ಡು ನನಗೆ ಕೊಟ್ಟುಬಿಡಿ."

ವ್ಯಾಪಾರಿ ಒಳಗೆ ಹೋಗಿ ಬೀರು ತೆಗೆದು ದುಡ್ಡು ತಂದು ಅವನ ಕೈಗಿಟ್ಟ. ಒಂದು ಕಾಸೂ ಮುರಿದುಕೊಂಡಿರಲಿಲ್ಲ. ಆಗ ಅವನ ಮುಖದಲ್ಲಿ ನಗು ಇರಲಿಲ್ಲ.

"ಮೊದಲನೇ ದಿನಾನೇ ಹೇಳಿದ್ರೆ ಮೊದಲನೇ ದಿನಾನೇ ಕೊಡ್ತಿದ್ದೆನಲ್ರೀ. ನನಗೂ ಹೆಣ್ಣುಮಕ್ಕಳಿದ್ದಾರೆ. ಕಪ್ಪು ಗಾಡಿಗೆ ಬಂದ ಗಿರಾಕೀನ ನಿಮಗೋಸ್ಕರ ವಾಪಸ್ ಕಳಿಸ್ದೆ. ಬಿಳಿ ಗಾಡಿಗೆ ಊರೂರು ತಿರುಗ್ದೆ. ಅದೆಲ್ಲ ಹೋಗ್ಲಿ. ಮಗಳ ಓದು ಅಂದ್ರೂ ಕರಗದ ಮನುಷ್ಯ ಅಂತ ತಿಳ್ಕೊಂಡ್ರಾ ನನ್ನ?"

ವಾಲಗದವನು ದುಡ್ಡನ್ನು ಅಂಗಿಯೊಳಗೆ ಅದುಮಿ ಹಿಡಿದುಕೊಂಡು ಓಡಿದ. ಆಟೋ ಸಿಕ್ಕಲಿಲ್ಲ. ಪೇಟೆಯ ಜನ ಇದೇನು ಹೀಗೆ ಓಡುತ್ತಿದ್ದಾನೆ ಎಂದು ತಿರುಗಿ ನೋಡಿದರು. ಕಾಲೇಜು ಮುಟ್ಟಿದಾಗ ಕಚೇರಿಗೆ ಬೀಗ ಬಿದ್ದಿತ್ತು. ಗುಮಾಸ್ತ ತನ್ನ ಸ್ಕೂಟರ್ ಹತ್ತುತ್ತಿದ್ದ. ವಾಲಗದವನು ಅವನ ಮುಂದೆ ದುಡ್ಡು ಹಿಡಿದು ನಿಂತ.

ಗುಮಾಸ್ತ ಮಗಳ ಹೆಸರು ಕೇಳಿ ತಿಳಿದುಕೊಂಡು ತಲೆಯಾಡಿಸಿದ. "ಹೊತ್ತು ಮೀರೋವರೆಗೂ ಕಾದ್ವಿ ಯಜಮಾನ್ರೇ. ಮುಂದಿನ ಹೆಸರಿನ ಹುಡುಗಿ ಕಡೆಯೋರು ಬೆಳಗ್ಗಿನಿಂದ ಇಲ್ಲೇ ದುಡ್ಡು ಹಿಡ್ಕೊಂಡು ಕೂತಿದ್ರು. ಈಗಷ್ಟೇ ಕಟ್ಟಿ ಹೋದ್ರು."

ವಾಲಗದವನು ಮನೆಯ ಕಡೆ ನಡೆದ. ಮುಂಗಡ ಪೂರ್ತಿ ಅವನ ಅಂಗಿಯೊಳಗೇ ಇತ್ತು. ಮಗಳು ಹೊಸ್ತಿಲಲ್ಲಿ ಕಾಯುತ್ತಿದ್ದಳು. ಅಪ್ಪನನ್ನು ಕಂಡು ಎದ್ದು ನಿಂತಳು.

"ಅಪ್ಪಾ, ಕಟ್ಟಾಯ್ತಾ?" ಎಂದು ಕೇಳಿದಳು.

ಗುರುಗಳು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು. ಪಂಚಾಕ್ಷರಿಗೆ ತಡೆಯಲಾಗಲಿಲ್ಲ.

"ಆಮೇಲೆ, ಬುದ್ಧೀ? ಅವನು ಮಗಳಿಗೆ ಏನು ಹೇಳಿದ?"

"ಯಾರಿಗೂ ನೋವಾಗದ ಸುಳ್ಳು ನಿನಗೆ ಗೊತ್ತಲ್ಲ ಮಗು, ಅವನಿಗೆ ಒಂದು ಹೇಳಿಕೊಡು."