ಡಿಕ್ಕಿಯೊಳಗಿನ ಸದ್ದು

ಬೆನ್ನುನೋವು ತಾಳಲಾರದೆ ಚಿಣ್ಣಪ್ಪ ತನ್ನ ಹಳೆಯ ಸ್ಪೋರ್ಟ್ಸ್ ಕಾರಿಗೆ ಮೆತ್ತನೆಯ ಹೊಸ ಸ್ಪ್ರಿಂಗ್ ಹಾಕಿಸಿದ. ಬಿಚ್ಚಿದ ಹಳೆಯ ಗಡುಸು ಸ್ಪ್ರಿಂಗನ್ನು ಮೆಕ್ಯಾನಿಕ್ ವಾಡಿಕೆಯಂತೆ ಡಿಕ್ಕಿಯಲ್ಲಿಟ್ಟು ಕಳಿಸಿದ.

ಘಾಟಿ ಇಳಿಯುವಾಗ ಮುಂದಿನ ಟಯರು ಗುಂಡಿಗೆ ಬಿದ್ದು, ಅದರ ಪಕ್ಕೆ ಊದಿಕೊಂಡಿತು.

"ಹೊಸಬನೇ, ನಾನು ಒಡೆದುಹೋಗುತ್ತೇನೆ! ಯಜಮಾನರಿಗೆ ಬೇಗ ತಿಳಿಸು!" ಎಂದು ಟಯರು ನಡುಗುತ್ತಾ ಕೂಗಿತು.

"ಅವರಿಗೆ ಯಾವ ಅಲುಗಾಟವೂ ತಾಗಬಾರದು. ನನ್ನನ್ನು ತಂದಿರುವುದೇ ಅದಕ್ಕೆ," ಎಂದು ಹೊಸ ಸ್ಪ್ರಿಂಗ್ ಆ ನಡುಕವನ್ನೆಲ್ಲ ನುಂಗಿಬಿಟ್ಟಿತು.

ಮೇಲೆ ಕೂತ ಚಿಣ್ಣಪ್ಪ, "ರಸ್ತೆ ಏನು ಚೆನ್ನಾಗಿ ಮಾಡಿದ್ದಾರಪ್ಪ!" ಎಂದು ವೇಗ ಹೆಚ್ಚಿಸಿದ.

ಟಯರಿನ ಕೂಗು ಡಿಕ್ಕಿಯಲ್ಲಿದ್ದ ಹಳೆಯ ಸ್ಪ್ರಿಂಗಿಗೆ ಕೇಳಿಸಿತು. "ನಿಲ್ಲಿಸಿ ಯಜಮಾನರೇ, ಟಯರು ನೋಡಿ!" ಎನ್ನುತ್ತಾ ಅದು ತಗಡಿಗೆ ದಡಬಡ ಬಡಿದುಕೊಂಡಿತು.

ಚಿಣ್ಣಪ್ಪ ಕಾರು ನಿಲ್ಲಿಸಿ ಇಳಿದ. ಟಯರು ಉಸಿರು ಬಿಗಿಹಿಡಿದು ಕಾಯುತ್ತಿತ್ತು. ಅವನು ನೇರವಾಗಿ ಹಿಂದಕ್ಕೆ ಹೋಗಿ ಡಿಕ್ಕಿ ತೆಗೆದ.

"ಓ, ಇದರದ್ದಾ ಈ ಗಲಾಟೆ!" ಎಂದು ಹಳೆಯ ಸ್ಪ್ರಿಂಗನ್ನು ಎತ್ತಿ ಪೊದೆಗೆ ಎಸೆದ.

ಕಾರು ಮತ್ತೆ ಹೊರಟಿತು. ಈಗ ಅದರೊಳಗೆ ಯಾವ ಸದ್ದೂ ಇರಲಿಲ್ಲ. ಪೊದೆಯಲ್ಲಿ ಬಿದ್ದ ಹಳೆಯ ಸ್ಪ್ರಿಂಗ್ ಮಾತ್ರ, ಕೆಳಗಿನ ತಿರುವಿನಿಂದ ಬರಲಿರುವ ಸದ್ದಿಗೆ ಹೆದರಿ ಮುದುಡಿಕೊಂಡಿತು.